ಅಪ್ಪ ರಬ್ಬರಿನಿಂದ ಉಜ್ಜಿದ ಮೆಮೊರಿ

ಮಗಳ ಪೆನ್ಸಿಲ್ ಅಳಿಸುವ ರಬ್ಬರಿನ ವಾಸನೆ ಮೂಗಿಗೆ ಬಡಿದರೆ ಸಾಕು, ವಿಶಾಖಪಟ್ಟಣದ ನಮ್ಮ ಕ್ವಾರ್ಟರ್ಸ್ ನೆನಪಾಗುತ್ತದೆ.

ಅಪ್ಪ ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿದ್ದರು. ಜೋಡಿಸುವ ಮೊದಲು ಅವ್ವ ಒಂದೊಂದಕ್ಕೂ ಕುಂಕುಮ ಹಚ್ಚಿದ್ದಳು. ಸ್ವಿಚ್ ಹಾಕಿದರೆ ಅದು ಮೂರು ಸಲ ಬೀಪ್ ಎಂದು ಸುಮ್ಮನಾಗುತ್ತಿತ್ತು. ಒಳಗೆ ಸಿಕ್ಕಿಸುವ ಮೆಮೊರಿ ಪಟ್ಟಿ ಹೊಂದುತ್ತಿಲ್ಲವೆಂದು ಅಪ್ಪ ಅದನ್ನು ದ್ವಾರಕಾ ನಗರದ ಅಂಗಡಿಯಲ್ಲಿ ಬದಲಿಸಿ ತಂದರು. ಅವ್ವ ಅದಕ್ಕೂ ಹಚ್ಚಿದಳು. ಅದೂ ಬೀಪ್ ಎಂದಿತು.

ಕೊನೆಗೆ ಅಪ್ಪ ನನ್ನ ರಬ್ಬರ್ ತೆಗೆದುಕೊಂಡು ಮೆಮೊರಿಯ ಹೊಂಬಣ್ಣದ ಅಂಚನ್ನು ಉಜ್ಜಿದರು. ರಬ್ಬರ್ ಕೆಂಪಾಯಿತು, ಕಂಪ್ಯೂಟರ್ ಶುರುವಾಯಿತು.

"ಏನಾಗಿತ್ತಂತ್ರೀ?" ಅವ್ವ ಕೇಳಿದಳು.

"ಮೆಮೊರಿ ಹೊಂದಿರಲಿಲ್ಲ, ಈಗ ಹೊಂದೈತಿ," ಎಂದ ಅಪ್ಪ ರಬ್ಬರನ್ನು ಕಿಸೆಗಿಳಿಸಿದರು.

"ಪೂಜಿ ಮಾಡಿದ್ದಕ್ಕ," ಎಂದಳು ಅವ್ವ. ಅಪ್ಪ ಹೂಂ ಅಂದರು. ತಲೆಬುಡ ತಿಳಿಯದೆ ನಾನು ಇಬ್ಬರ ಮುಖವನ್ನೂ ನೋಡಿದೆ.

ನಿನ್ನೆ ಲ್ಯಾಪ್‌ಟಾಪ್ ತಂದೆ. ಅವ್ವ ಕುಂಕುಮದ ಬಟ್ಟಲು ಹಿಡಿದು ಬಂದಳು. ನಾನು ಮುಚ್ಚಳ ಮುಚ್ಚಿ ಅವಳ ಮುಂದೆ ಹಿಡಿದೆ.