ನನ್ನ ಕಾಲಿನ ಅಳತೆಗೆ ಕೊಂಡ ಚಪ್ಪಲಿ

ಅವರ ಎಡಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕಿಗಳಿದ್ದವು. ವೆಲ್ಡಿಂಗಿನ ಕಿಡಿ ಹಾರಿ ಸುಟ್ಟ ಕಲೆಗಳು. ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯಲ್ಲಿ ಎ.ಸಿ.ಯ ಕೆಳಗೆ ಗೋಡೆಗೊರಗಿ ಕೂತು ಆ ಕೈಯನ್ನು ನನ್ನ ಮುಂದೆ ಚಾಚುತ್ತಿದ್ದರು. ನಾನು ಬಾಲ್‌ಪೆನ್ ಹಿಡಿದು ಚುಕ್ಕಿಗೆ ಚುಕ್ಕಿ ಸೇರಿಸಿ ಆನೆ ಬಿಡಿಸುತ್ತಿದ್ದೆ. ಬೇರೇನು ಬಿಡಿಸಲು ಹೊರಟರೂ ಕೊನೆಗೆ ಆನೆಯೇ ಆಗುತ್ತಿತ್ತು. "ಈ ವಾರ ಆನೆ ಬಡಕಲಾಯ್ತಲ್ಲ ಮಾರಾಯ್ತಿ, ಮೇವು ಹಾಕ್ಲಿಲ್ವಾ?" ಎಂದು ಕೇಳುತ್ತಿದ್ದರು. ಮರುದಿನ ಪ್ಲಾಂಟಿನಲ್ಲಿ ಜೊತೆಯವರು ನಗುತ್ತಾರೆಂದು ಗೊತ್ತಿದ್ದರೂ ಅದನ್ನು ಉಜ್ಜಿ ತೊಳೆಯುತ್ತಿರಲಿಲ್ಲವಂತೆ.

ಅವರನ್ನು ನಾನು ಸಿತ್ರಾ ಮಾಮ ಎಂದು ಕರೆಯುತ್ತಿದ್ದೆ. ಆಗ ನಾವು ಗಲ್ಫಿನಲ್ಲಿದ್ದೆವು, ಅವರು ಅಲ್ಲಿನ ಸಿತ್ರಾದ ಲೇಬರ್ ಕ್ಯಾಂಪಿನಲ್ಲಿದ್ದರು. ರಜೆಯ ದಿನ ಕಂಪನಿಯ ಬಸ್ಸಿನಲ್ಲಿ ನಾವಿದ್ದ ಮನಾಮಾಕ್ಕೆ ಬಂದು, ಕುತ್ತಿಗೆಗೆ ಬೆಳ್ಳಗೆ ಪೌಡರ್ ಬಳಿದುಕೊಂಡು, ಪೇಪರಿನಲ್ಲಿ ಸುತ್ತಿದ ಬಿಸಿ ಖುಬ್ಬೂಸ್ ರೊಟ್ಟಿ ಹಿಡಿದು ನಮ್ಮ ಮೆಟ್ಟಿಲು ಹತ್ತುತ್ತಿದ್ದರು. ಅಪ್ಪ ಅದೇ ಕಂಪನಿಯ ಆಫೀಸಿನಲ್ಲಿ ಗುಮಾಸ್ತರು. ಮಾಮನ ಊರು ಅಮ್ಮನ ತವರಿನ ಪಕ್ಕದ್ದು. ಮೊದಲ ಸಲ ಬಂದಾಗ ಅವರು ಅಪ್ಪನನ್ನು "ಧನಿ" ಎಂದರಂತೆ. ಅಪ್ಪ ಗಾಬರಿಯಾಗಿ, "ಇಲ್ಲಿ ಧನಿಯೂ ಇಲ್ಲ, ಒಕ್ಕಲೂ ಇಲ್ಲ ಮಾರಾಯ. ನಾನೂ ಅರಬಿಯ ಕೆಲಸದವನೇ. ಸಾರ್ ಅಂದ್ರೆ ಸಾಕು" ಎಂದರಂತೆ. ಸಾರ್ ಮಾತ್ರ ಯಾಕೆ ಉಳಿಯಿತೋ, ಆಗ ಯಾರಿಗೂ ಹೊಳೆಯಲಿಲ್ಲ.

ನಮ್ಮ ಮನೆಯಲ್ಲಿ ಅವರಿಗೊಂದು ಲೋಟವಿತ್ತು. ನೀಲಿ ಹೂವಿನ ಗಾಜಿನ ಲೋಟ. ನಮಗೆಲ್ಲ ಸ್ಟೀಲಿನದು. "ಮಾಮನಿಗೆ ಮಾತ್ರ ಯಾಕಮ್ಮ ಚಂದದ ಲೋಟ?" ಎಂದು ಕೇಳಿದರೆ ಅಮ್ಮ, "ಅವರಿಗೆ ಅದೇ ಇಷ್ಟ" ಎನ್ನುತ್ತಿದ್ದಳು. ಅಮ್ಮ ಕೆಟ್ಟವಳಲ್ಲ. ಮೀನು ಸಾರಿನಲ್ಲಿ ದೊಡ್ಡ ತುಂಡು ಅವರಿಗೇ ಹೋಗುತ್ತಿತ್ತು, ಕುಚ್ಚಲಕ್ಕಿ ಅನ್ನ ಬೇಡವೆಂದರೂ ಮೂರನೆಯ ಸಲ ಬಡಿಸುತ್ತಿದ್ದಳು. ಆದರೆ ಕುಡಿದ ಲೋಟವನ್ನು ಅವರೇ ತೊಳೆದು, ಅಡುಗೆಮನೆಯ ಕಿಟಕಿಯಲ್ಲಿ ಬೋರಲು ಹಾಕಿ ಬರುತ್ತಿದ್ದರು. ಬೇಡ ಎಂದು ಅಮ್ಮ ಒಂದು ದಿನವೂ ಹೇಳಿದ್ದನ್ನು ನಾನು ಕೇಳಿಲ್ಲ.

ಊರಿನಲ್ಲಿ ಅವರಿಗೊಬ್ಬಳು ಮಗಳು. ನಾನು ಹುಟ್ಟಿದ ತಿಂಗಳಲ್ಲೇ ಹುಟ್ಟಿದವಳು. ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯಲ್ಲಿ ಎರಡು ತಿಂಗಳು ನೋಡಿದರೆ ಆಯಿತು, ಮತ್ತೆ ಮಗಳು ಎಷ್ಟು ಬೆಳೆದಳೆಂದು ತಂದೆಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಅವರು ಕಂಡುಕೊಂಡ ಉಪಾಯ ನಾನು. ಫ್ರಾಕು ಕೊಂಡರೆ ನನ್ನ ಬೆನ್ನಿಗೆ ಹಿಡಿದು ನೋಡುವುದು, ಬಳೆ ಕೊಂಡರೆ ನನ್ನ ಕೈಗೆ ಹಾಕಿ ತೆಗೆಯುವುದು. ಸರಿಯಾದರೆ ಊರಿಗೆ ಹೊರಟ ಯಾರದಾದರೂ ಪೆಟ್ಟಿಗೆಯಲ್ಲಿ ಕಳಿಸುವುದು, ಆಗದಿದ್ದರೆ ಸಂಜೆಯೊಳಗೆ ಸೂಕಿನ ಅಂಗಡಿಗೆ ಹೋಗಿ ಬದಲಿಸುವುದು. ಅವಳಿಗೆ ಬರುವ ಎಲ್ಲವನ್ನೂ ಮೊದಲು ತೊಡುವವಳು ನಾನೇ ಎಂದು ನನಗೆ ಸಿಕ್ಕಾಪಟ್ಟೆ ಜಂಬ. "ಅವಳಿಗೆ ಆಗದಿದ್ರೆ?" ಎಂದರೆ, "ಅದಕ್ಕೆಂತ? ಒಂದೇ ತಿಂಗಳಲ್ಲಿ ಹುಟ್ಟಿದವರು, ಒಂದೇ ಅಳತೆ" ಎನ್ನುತ್ತಿದ್ದರು. 'ಅದಕ್ಕೆಂತ' ಎನ್ನುವುದು ಅವರ ಬಾಯಲ್ಲಿ ಸದಾ ಇರುತ್ತಿತ್ತು. ಬಸ್ಸು ತಪ್ಪಿದರೂ ಅದಕ್ಕೆಂತ, ಬೇಸಿಗೆಯಲ್ಲಿ ಕ್ಯಾಂಪಿನ ಎ.ಸಿ. ಕೆಟ್ಟರೂ ಅದಕ್ಕೆಂತ.

ನಾವಿದ್ದದ್ದು ಫ್ಯಾಮಿಲಿಗಳ ಬಿಲ್ಡಿಂಗ್. ಬ್ಯಾಚುಲರ್‌ಗಳಿಗೆ ಅಲ್ಲಿ ಮನೆ ಕೊಡುತ್ತಿರಲಿಲ್ಲ. ಊರಿನಲ್ಲಿ ಹೆಂಡತಿ, ಮಕ್ಕಳು, ಅತ್ತೆ, ಮಾವ ಎಲ್ಲ ಇದ್ದರೂ ಇಲ್ಲಿ ಒಬ್ಬನೇ ಇದ್ದು ಕ್ಯಾಂಪಿನಲ್ಲಿ ಮಲಗುವವನು ಬ್ಯಾಚುಲರ್. ಅಂಥವನು ಮೆಟ್ಟಿಲಲ್ಲಿ ಎದುರಾದರೆ ಹೆಂಗಸರು ಮಕ್ಕಳನ್ನು ಗೋಡೆಯ ಕಡೆಗೆ ಎಳೆದುಕೊಳ್ಳುತ್ತಿದ್ದರು. ನಮ್ಮ ಮೇಲಿನ ಮಹಡಿಯಲ್ಲಿ ಅಪ್ಪನ ಕಂಪನಿಯ ಮ್ಯಾನೇಜರರ ಮನೆ. ಅವರೂ ನಮ್ಮ ಕಡೆಯವರೇ. ಊರಲ್ಲಿ ದೊಡ್ಡ ಮನೆತನ, ಇಲ್ಲಿ ಚೌತಿಯ ಪೂಜೆ, ಊಟ, ಎಲ್ಲದಕ್ಕೂ ಮುಂದೆ ನಿಲ್ಲುವವರು. ನಮಗೆ ಮೇಲಿನ ಅಂಕಲ್, ಮೇಲಿನ ಆಂಟಿ.

ಒಂದು ವರ್ಷ ಬಾಡಿಗೆಯ ಸಭಾಂಗಣದಲ್ಲಿ ನಡೆದ ಚೌತಿಯ ಊಟಕ್ಕೆ ಅಪ್ಪ ಸಿತ್ರಾ ಮಾಮನನ್ನೂ ಕರೆದುಕೊಂಡು ಬಂದರು. ನನ್ನ ಪಕ್ಕದಲ್ಲೇ ಎಲೆ. ಮೇಲಿನ ಅಂಕಲ್ ಸಾಲಿನ ಉದ್ದಕ್ಕೂ ವಿಚಾರಿಸುತ್ತ ಬಂದವರು ಮಾಮನ ಎದುರು ನಿಂತರು.

"ಊರಲ್ಲಿ ಎಲ್ಲಿ?"

ಮಾಮ ಊರಿನ ಹೆಸರು ಹೇಳಿದರು.

"ಹೌದಾ? ಅಲ್ಲಿ ಯಾವ ಬದಿ?"

"ದೇವಸ್ಥಾನದಿಂದ ಆಚೆ ಸಾರ್. ತೋಡು ದಾಟಿ ಕೆಳಗೆ."

ಊರಿನ ಹಳ್ಳದಾಚೆ ಯಾರ ಮನೆಗಳಿರುತ್ತವೆಂದು ತಿಳಿಯಲು ನಮ್ಮವರಿಗೆ ಇಷ್ಟು ಸಾಕು. ಜಾತಿ ಕೇಳಿದರೆ ತಪ್ಪು, ದಾರಿ ಕೇಳಿದರೆ ತಪ್ಪಲ್ಲ. ಆ ಜಾತಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾನೂ ಅಂಕಲ್ಲಿನ ಹಾಗೆ ವಿಳಾಸ ಕೇಳಿಕೊಂಡು ನಿಂತಂತೆ. ಅಂಕಲ್ ನಗುತ್ತಲೇ ಮಾಮನ ಹೆಗಲ ಹತ್ತಿರ ಕೈ ತಂದು, ಮುಟ್ಟದೆ, "ಆ ಕುರ್ಚಿಗಳನ್ನು ಒಂಚೂರು ಜೋಡಿಸ್ತೀಯಾ? ಆಮೇಲೆ ಕೂತ್ರಾಯ್ತು" ಎಂದರು. ಮಾಮ ಎದ್ದರು. ಕೊನೆಗೆ ಪಾತ್ರೆ ತೊಳೆಯುವವರ ಜೊತೆ ಕೂತು ಉಂಡರು. ಬರುವಾಗ ಕಾರಿನಲ್ಲಿ ಮಾಮನೇ, "ಅದಕ್ಕೆಂತ ಸಾರ್, ಕೊನೆಗೆ ಕೂತವರಿಗೆ ಪಾಯಸ ಜಾಸ್ತಿ" ಎಂದರು.

ಅದಾಗಿ ಕೆಲವು ವಾರಗಳ ನಂತರ ಒಂದು ಶುಕ್ರವಾರ ಅವರು ಚಪ್ಪಲಿ ತಂದರು. ಕೆಂಪು ಬಣ್ಣದ್ದು, ಬಕಲ್ ಇದ್ದದ್ದು. ನಾನು ಕುಣಿದಾಡಿದೆ. ಹೊಸದಾದರೂ ಚಪ್ಪಲಿ ಚಪ್ಪಲಿಯೇ, ಮನೆಯೊಳಗೆ ತರಬಾರದು ಎನ್ನುವುದು ಅಮ್ಮನ ಕಟ್ಟುನಿಟ್ಟು. ಹಾಗಾಗಿ ಚಪ್ಪಲಿಯ ಅಳತೆ ಮಾತ್ರ ಯಾವಾಗಲೂ ಬಾಗಿಲ ಹೊರಗೆ, ಮೆಟ್ಟಿಲ ಮೇಲೆ. ನಾನು ಮೇಲಿನ ಮೆಟ್ಟಿಲಲ್ಲಿ ಕೂತೆ, ಮಾಮ ಕೆಳಗಿನದರಲ್ಲಿ ಮಂಡಿಯೂರಿ ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬಕಲ್ ಹಾಕಿದರು. ತುದಿಯಲ್ಲಿ ಹೆಬ್ಬೆರಳು ಒತ್ತಿ, "ಎಷ್ಟು ಜಾಗ ಉಂಟು ನೋಡುವ" ಎಂದರು. ಕಚಗುಳಿಯಾಗಿ ನಾನು ಕಿಲಕಿಲ ನಕ್ಕೆ. ಅಮ್ಮ ಒಳಗೆ ಪಾತ್ರೆ ತೊಳೆಯುತ್ತಿದ್ದಳು.

ಆ ನಗು ಕೇಳಿ ಮೇಲಿನ ಆಂಟಿ ಮೆಟ್ಟಿಲ ತಿರುವಿನಲ್ಲಿ ನಿಂತರು. ಕೂಗಲಿಲ್ಲ, ಬೈಯಲಿಲ್ಲ. "ವೇರ್ ಈಸ್ ಯುವರ್ ಮಮ್ಮಿ?" ಎಂದು ನನ್ನನ್ನೊಬ್ಬಳನ್ನೇ ಕೇಳಿದರು. ಮಾಮ ಕೈ ತೆಗೆದು ಎದ್ದು ಗೋಡೆಗೆ ಅಂಟಿ ನಿಂತರು. ಆಂಟಿ ಹಾಗೇ ಹಿಂದಿರುಗಿ ಮೇಲೆ ಹೋದರು. ಮಾಮನೂ ಊರಿಗೆ ಕಳಿಸುವ ಚಪ್ಪಲಿಯನ್ನು ನನ್ನ ಕಾಲಲ್ಲೇ ಬಿಟ್ಟು, ಚಹಾ ಸಹ ಕುಡಿಯದೆ ಇಳಿದುಹೋದರು.

ಸಂಜೆ ಅಪ್ಪನಿಗೆ ಮೇಲಿನಿಂದ ಕರೆ ಬಂತು. ನಾನು ಹಿಂದೆಯೇ ಹೋಗಿ ಅವರ ಬಾಗಿಲ ಹೊರಗೆ ನಿಂತೆ.

"ನಾನು ಅವನ ಮೇಲೆ ಅಪವಾದ ಹಾಕ್ತಿಲ್ಲ," ಎನ್ನುತ್ತಿದ್ದರು ಅಂಕಲ್. "ಆದ್ರೆ ನಾಳೆ ಏನಾದ್ರೂ ಆದ್ರೆ? ಎಲ್ಲರಿಗೂ ಹೆಣ್ಣುಮಕ್ಕಳಿದ್ದಾರೆ. ಬ್ಯಾಚುಲರ್. ಅದೂ ಅಂಥಾ ಜನ."

"ಅವನಿಗೆ ಹೆಂಡತಿ ಮಗಳು ಇದ್ದಾರೆ ಸರ್. ಮಗಳ ಚಪ್ಪಲಿಗೆ ಇವಳ ಕಾಲು ಅಳತೆ ನೋಡ್ತಾನೆ. ಪ್ರತಿ ಸಲ ಹಾಗೇ. ನನ್ನ ಹೆಂಡತಿ ಮನೆಯಲ್ಲೇ ಇದ್ದಳು."

"ಒಳಗೆ ಇದ್ರು. ಮಗು ಹೊರಗೆ ಇತ್ತು."

"ಮಗುವನ್ನೇ ಕೇಳಿ ಸರ್."

ಅವರು ನನ್ನನ್ನು ಕೇಳುವವರೆಗೆ ನಾನು ಕಾಯಲಿಲ್ಲ. ಒಳಗೆ ನುಗ್ಗಿ, "ಮಾಮ ಏನೂ ಮಾಡಿಲ್ಲ ಅಂಕಲ್! ಸೈಜ್ ನೋಡಿದ್ದು! ಚಪ್ಪಲಿ ಒಳಗೆ ತರಬಾರದು ಅಂತ ಅಮ್ಮ ಹೇಳಿದ್ದಕ್ಕೆ ಹೊರಗೆ ಕೂತದ್ದು!" ಎಂದು ಕಿರುಚಿದೆ. ಅಂಕಲ್ ನನ್ನ ತಲೆ ಸವರಿದರು. "ಗುಡ್ ಗರ್ಲ್" ಎಂದು ಕೈಗೊಂದು ಚಾಕಲೇಟ್ ಇಟ್ಟರು. ಆಮೇಲೆ ಅಪ್ಪನ ಕಡೆ ತಿರುಗಿ ಮೆಲ್ಲಗೆ, "ನಿಮ್ಮ ವೀಸಾ ರಿನ್ಯೂವಲ್ ಯಾವಾಗ ಬರ್ತದೆ?" ಎಂದು ಕೇಳಿದರು. ಅಪ್ಪ ಬಾಗಿಲ ಕಡೆ ತಿರುಗಿದರು. ಚಾಕಲೇಟನ್ನು ಅವರ ಬಾಗಿಲ ಮುಂದಿನ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು ನಾನು ಅಪ್ಪನ ಹಿಂದೆ ಇಳಿದು ಬಂದೆ. ಅದನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ನಿಜ ಹೇಳಿದ್ದೆ, ಜೋರಾಗಿ ಹೇಳಿದ್ದೆ, ಎಲ್ಲರಿಗೂ ಕೇಳಿಸಿತ್ತು. ಇನ್ನೇನು ಮಾಡಬೇಕಿತ್ತು ಒಂದು ಮಗು?

ಆ ವಾರವೇ ಮಾಮನನ್ನು ಕ್ಯಾನ್ಸಲ್ ಮಾಡಿದರು. ವೀಸಾ ರದ್ದು ಮಾಡಿ ಊರಿಗೆ ಕಳಿಸುವುದಕ್ಕೆ ಅಲ್ಲಿ ಅಷ್ಟೇ ಮಾತು. ಕಂಪನಿಯಲ್ಲಿ ಕೆಲಸ ಕಡಿಮೆಯಾಗಿದೆ ಎಂಬ ಕಾರಣ ಕೊಟ್ಟರಂತೆ. ಅಪ್ಪ ಇನ್ನೊಮ್ಮೆ ಮೇಲೆ ಹೋಗಿ ಬಂದರು. ಬಂದು ಅಂಗಿ ಸಹ ಬಿಚ್ಚದೆ ಸೋಫಾದ ತುದಿಯಲ್ಲಿ ಕೂತರು. "ಕಳಿಸ್ಬೇಡಿ ಅಂತ ನಿಮಗೆ ಹೇಳ್ಲಿಕ್ಕೆ ಆಗ್ಲಿಲ್ವಾ?" ಎಂದಳು ಅಮ್ಮ. "ಹೇಳಿದೆ. ಹೇಳಿ ಏನಾಯ್ತು?" ಎಂದರು ಅಪ್ಪ. ಮನೆಯಲ್ಲಿ ಆ ರಾತ್ರಿ ಯಾರೂ ಉಣ್ಣಲಿಲ್ಲ.

ಮರುದಿನ ಅಪ್ಪ ಚಪ್ಪಲಿಯ ಡಬ್ಬಿ ಹಿಡಿದು ಸಿತ್ರಾಕ್ಕೆ ಹೊರಟಾಗ ನಾನೂ ಹಟ ಹಿಡಿದು ಹೋದೆ. ಮಾಮ ಕ್ಯಾಂಪಿನ ಗೇಟಿನ ಹತ್ತಿರ ಬಂದರು. ನಾಳೆ ವಿಮಾನ. ಮುಖ ಸಣ್ಣದಾಗಿತ್ತು, ಕುತ್ತಿಗೆಗೆ ಪೌಡರ್ ಇರಲಿಲ್ಲ. ಡಬ್ಬಿ ತೆಗೆದುಕೊಂಡು, "ಸರಿಯಾಗಿ ಕೂತಿತ್ತಲ್ಲ ಮಗಾ? ತುದಿಗೆ ತಾಗ್ಲಿಲ್ಲ ಅಲ್ವಾ?" ಎಂದು ಕೇಳಿದರು. ಸರಿಯಾಗಿತ್ತು ಎಂದೆ. ಕಿಸೆಯಿಂದ ಬಾಲ್‌ಪೆನ್ ತೆಗೆದು, "ಆನೆ ಬಿಡಿಸ್ತೇನೆ, ಕೈ ಕೊಡಿ" ಎಂದೆ.

ಅವರು ಡಬ್ಬಿಯ ಸಮೇತ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಅಪ್ಪನ ಮುಖ ನೋಡಿದರು, ಗೇಟಿನ ವಾಚ್‌ಮನ್ ಕಡೆ ನೋಡಿದರು. "ಬೇಡ ಮಗಾ. ದೂರ ನಿಲ್ಲು" ಎಂದರು. ನಾನು ಅತ್ತುಕೊಂಡೇ ಕಾರು ಹತ್ತಿದೆ.

ಅದಾಗಿ ಕೆಲವು ವರ್ಷಕ್ಕೆ ನಾವೂ ಊರಿಗೆ ಬಂದುಬಿಟ್ಟೆವು. ಸಾಮಾನು ಕಟ್ಟುವಾಗ ನೀಲಿ ಹೂವಿನ ಲೋಟವನ್ನು ಅಮ್ಮ ತನ್ನ ಸೀರೆಯಲ್ಲಿ ಸುತ್ತಿ ತಂದಳು. ಈಗ ಅವಳು ಬೆಳಗ್ಗಿನ ಕಾಫಿ ಕುಡಿಯುವುದು ಅದರಲ್ಲೇ.

ಮಾಮ ಮತ್ತೆ ಗಲ್ಫಿಗೆ ಹೋಗಲಿಲ್ಲ. ಕಿಟಕಿಗೆ ಗ್ರಿಲ್ ಮಾಡುವ ಕಡೆ ದುಡಿದರಂತೆ. ತೀರಿಕೊಂಡ ಸುದ್ದಿ ತಡವಾಗಿ ತಿಳಿದು ನಾನೂ ಅಮ್ಮನೂ ತೋಡು ದಾಟಿ ಆ ಮನೆ ಹುಡುಕಿಕೊಂಡು ಹೋದೆವು. ಮಗಳು ಚಾಪೆ ಹಾಸಿ ಕೂರಿಸಿ ಚಹಾ ಕೊಟ್ಟಳು. ನಾನು ಯಾರೆಂದು ಹೇಳಿದ್ದೇ, ಅವಳ ಕಣ್ಣು ಮೊದಲು ಹೋದದ್ದು ನನ್ನ ಪಾದಕ್ಕೆ.

"ನೀವೇನಾ!" ಎಂದಳು, ನಕ್ಕಳು. "ನಿಮ್ಮ ಅಳತೆಯದ್ದು ಒಂದೂ ನನಗೆ ಆಗ್ತಿರ್ಲಿಲ್ಲ. ಎಲ್ಲ ದೊಡ್ಡದು. ಫ್ರಾಕಿನ ಒಳಗೆ ಅಮ್ಮ ಮಡಚಿ ಹೊಲೀತಿದ್ಳು, ಚಪ್ಪಲಿಗೆ ನಾನು ಪೇಪರ್ ತುರುಕ್ತಿದ್ದೆ. ಅಪ್ಪನಿಗೆ ಮಾತ್ರ ಸರಿಯಾಯ್ತು ಅಂತಲೇ ಹೇಳ್ಸಿದ್ದು, ರಜೆಗೆ ಬಂದಾಗ್ಲೂ ಹಾಗೇ ನಂಬಿಸಿದ್ದು."

ಒಂದೇ ತಿಂಗಳಲ್ಲಿ ಹುಟ್ಟಿದವರು. ನಮ್ಮ ಮನೆಯಲ್ಲಿ ನಾನು ಬೇಡ ಬೇಡವೆಂದು ಬಿಟ್ಟ ಅನ್ನ, ಹಾಲು, ಮೊಟ್ಟೆ ಎಲ್ಲ ಕಣ್ಣ ಮುಂದೆ ಬಂತು. ಕಾಲನ್ನು ಮೆಲ್ಲಗೆ ಸೀರೆಯೊಳಗೆ ಎಳೆದುಕೊಂಡೆ.

"ಕೊನೇ ಜೊತೆ, ಕೆಂಪು ಚಪ್ಪಲಿ, ಅಪ್ಪನೇ ತಂದದ್ದು. ಒಮ್ಮೆಗೇ ಬಂದುಬಿಟ್ರು," ಎಂದಳು ಅವಳು. "ಅಲ್ಲಿ ಕೆಲಸ ಮುಗೀತು, ಅದಕ್ಕೆ ಕಳಿಸಿದ್ರು ಅಂತ ಹೇಳ್ತಿದ್ರು. ಎಷ್ಟು ಕೇಳಿದ್ರೂ ಅದೇ. ಹೌದಾ? ನಿಮಗೆ ಗೊತ್ತಿರ್ಬೇಕಲ್ಲ."

ಅಮ್ಮ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದಳು. ಅಂದು ಮೇಲಿನ ಮನೆಯಲ್ಲಿ ಕಿರುಚಿ ಹೇಳಿದ್ದ ನಿಜ ನನ್ನ ಬಾಯಿಯವರೆಗೆ ಬಂತು. ಹೇಳಿದ್ದರೆ ಅವಳಿಗೆ ಸಿಗುತ್ತಿದ್ದದ್ದೇನು? ತನ್ನ ಕಾಲಿಗೆ ಆಗದ ಒಂದು ಜೊತೆ ಚಪ್ಪಲಿಗಾಗಿ ಅಪ್ಪ ಎಲ್ಲ ಕಳೆದುಕೊಂಡರು ಎನ್ನುವುದು.

"ಹೌದು," ಎಂದೆ. "ಕೆಲಸ ಮುಗಿದಿತ್ತು."