ಹೆಸರಿದ್ದ ಹೆಲ್ಮೆಟ್

ಎಗೋನನ ತಲೆಯೊಳಗೆ ಏನಿತ್ತೋ ನಾನರಿಯೆ, ತಲೆಯ ಮೇಲಿಡುವುದಂತೂ ಅವನ ಮನೆಯಲ್ಲಿ ಬೇಕಾದಷ್ಟಿತ್ತು. ನಮ್ಮ ಜರ್ಮನ್ ಸೈನಿಕರ ಹಳೆಯ ಉಕ್ಕಿನ ಹೆಲ್ಮೆಟ್‌ಗಳು: ಕಪಾಟಿನಲ್ಲಿ, ಮೆಟ್ಟಿಲ ಮೇಲೆ, ಕೊನೆಗೆ ಹೆಂಡತಿ ಹುಳಿ ಎಲೆಕೋಸಿನ ಜಾಡಿ ಇಡುತ್ತಿದ್ದ ನೆಲಮಾಳಿಗೆಯಲ್ಲೂ. ಚಪ್ಪಟೆ ಪಾದವೆಂದು ಸೈನ್ಯವೇ ಬೇಡವೆಂದು ಕಳಿಸಿದ್ದ ಈ ಟೈರ್ ಅಂಗಡಿಯವನು, ಆ ಕಬ್ಬಿಣದ ಬೋಗುಣಿಗಳನ್ನು ಒರೆಸುವಾಗ ಸೇನಾಪತಿಯ ಹಾಗೆ ಎದೆಯುಬ್ಬಿಸುತ್ತಿದ್ದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ; ಇವನು ಗಾಜಿನ ಪೆಟ್ಟಿಗೆ ಮಾಡಿಸಿ ಒಳಗೆ ದೀಪ ಹಾಕಿಸಿದ.

ನಮ್ಮೂರ ಹಿಂದಿನ ಹ್ಯುರ್ಟ್‌ಗೆನ್ ಕಾಡಿನಲ್ಲಿ ಎರಡನೇ ಮಹಾಯುದ್ಧದಲ್ಲಿ ಸತ್ತವರು ಇನ್ನೂ ಮಣ್ಣಡಿ ಬಿದ್ದಿದ್ದಾರೆ. ಮೂಳೆ ಸಿಕ್ಕರೆ ಪೊಲೀಸರಿಗೆ ಹೇಳಬೇಕು. ಸತ್ತವನಿಗೆ ಹೆಸರು ಸಿಗುತ್ತದೆ, ಗೋರಿ ಸಿಗುತ್ತದೆ. ಆದರೆ ಜೊತೆಗೆ ಸಿಕ್ಕ ಹೆಲ್ಮೆಟ್ ಕೈತಪ್ಪಿ ಹೋಗುತ್ತದೆ, ಕದ್ದು ಅಗೆದವನಿಗೆ ದಂಡವೂ ಬೀಳುತ್ತದೆ. ಒಮ್ಮೆ ಬಿಯರ್ ಏರಿದಾಗ ಎಗೋನ್ ನನ್ನ ಗಂಡನಿಗೆ ಹೇಳಿದ್ದ: “ಮೂಳೆ ಯಾರಿಗ್ ಬೇಕೋ? ಒಳಗೆ ಹೆಸರಿರೋ ಹೆಲ್ಮೆಟ್ ಸಿಗ್ಬೇಕು ನೋಡು!” ಕುಡಿದವನ ಬಡಾಯಿ ಎಂದುಕೊಂಡೆವು.

ಸಕಲ ಸಂತರ ಹಬ್ಬದ ದಿನ ಪಾದ್ರಿಗಳು ಗೋರಿಗಳಿಗೆಲ್ಲ ತೀರ್ಥ ಚಿಮುಕಿಸಿದ ಮೇಲೆ ಊರವರು ಚರ್ಚಿನ ಹಾಲ್‌ನಲ್ಲಿ ಕಾಫಿ, ಕೇಕಿಗೆ ಸೇರುತ್ತೇವೆ. ಆ ವರ್ಷ ಎಗೋನ್ ತನ್ನ ಸಂಗ್ರಹವನ್ನು ಅಲ್ಲೇ ಪ್ರದರ್ಶನಕ್ಕಿಟ್ಟ. ಬಿಲ್ಲಾ ಎಂಬ ಮುದುಕಿ, ಊರವರೆಲ್ಲರ ಬಿಲ್ಲಜ್ಜಿಯೂ ಬಂದಳು. ಮದುವೆಯಾಗಿ ನಮ್ಮೂರಿಗೆ ಬಂದವಳು. ಅವಳ ತವರಿನ ಮನೆತನದ ಹೆಸರನ್ನು ಎಗೋನನಂಥವನು ಯಾಕೆ ಕೇಳುತ್ತಾನೆ? ಸೈನಿಕನಾಗಿದ್ದ ಅವಳ ಅಣ್ಣ ಹದಿನೆಂಟನೇ ವಯಸ್ಸಿಗೆ ಇದೇ ಕಾಡಿನಲ್ಲಿ ಕಾಣೆಯಾದ. ಪ್ರತಿ ಹಬ್ಬಕ್ಕೂ ಅವನಿಗೆಂದು ಗೋರಿಯ ಕೆಂಪು ದೀಪ ಕೊಂಡು, ಸ್ಮಶಾನವೆಲ್ಲ ಸುತ್ತಿ, ಇಡಲು ಜಾಗವಿಲ್ಲದೆ ವಾಪಸು ತಂದು ಅಡುಗೆಮನೆಯ ಕಿಟಕಿಯಲ್ಲಿ ಹಚ್ಚುತ್ತಿದ್ದಳು.

“ಬನ್ನಿ ಅಜ್ಜಿ, ಎಲ್ಲಾದಕ್ಕೂ ರಾಜ ಇದು!” ಎಂದು ಎಗೋನ್ ಕರೆದ. ಒಳಗಿನ ಬರಹ ಎಲ್ಲರಿಗೂ ಕಾಣಲೆಂದು ಹೆಲ್ಮೆಟ್ಟಿನ ಕೆಳಗೆ ಕನ್ನಡಿ ಇಟ್ಟಿದ್ದ. ಬಿಳಿ ಬಣ್ಣದಲ್ಲಿ ‘ಹುಬರ್ಟ್ ಲೆನ್ನಾರ್ಟ್ಸ್’ ಎಂದಿತ್ತು, ಪಕ್ಕದಲ್ಲೊಂದು ಪುಟ್ಟ ಮೀನು.

ಬಿಲ್ಲಜ್ಜಿ ಬಹಳ ಹೊತ್ತು ಬಗ್ಗಿ ನೋಡಿದಳು.

“ಈ ಮೀನು ನಮ್ಮನೆ ಕಾಫಿ ಬೀಸೋ ಡಬ್ಬಿ ಮೇಲೂ ಇದೆ. ಬರೆದೋನು ನಮ್ಮಣ್ಣ. ಎಲ್ಲಿ ಸಿಕ್ತು ಇದು?”

ಎಗೋನನ ಮುಖ ಹುಳ್ಳಗಾಯಿತು. “ಅದು… ಬೆಲ್ಜಿಯಮ್‌ನಲ್ಲಿ, ಹಳೇ ಸಾಮಾನಿನ ಸಂತೇಲಿ.”

“ನಿನ್ ಬೂಟಿಗಂಟಿರೋ ಈ ಕಾಡಿನ ಕೆಸರೂ ಅಲ್ಲಿಂದಾನೇ ತಂದ್ಯೇನೋ?” ಎಂದ ನನ್ನ ಗಂಡ.

ಎಗೋನ್ ಪೆಟ್ಟಿಗೆಯ ಬೀಗ ತೆಗೆದು ಹೆಲ್ಮೆಟ್ಟನ್ನು ಅವಳ ಮುಂದೆ ಹಿಡಿದ. “ತಗೊಳ್ಳಿ ಅಜ್ಜಿ, ಸುಮ್ನೇ ಕೊಡ್ತೀನಿ.” ಆಹಾ, ಎಂಥ ದಾನಶೂರ! ಥೂ.

ಬಿಲ್ಲಜ್ಜಿ ಅದನ್ನು ಮುಟ್ಟಲಿಲ್ಲ. ಕೈಚೀಲದಿಂದ ಕೆಂಪು ದೀಪ ತೆಗೆದು ಮೇಜಿನ ಮೇಲಿಟ್ಟಳು.

“ಹೆಲ್ಮೆಟ್ ನೀನೇ ಇಟ್ಕೊಳ್ಳೋ. ಅದರೊಳಗಿದ್ದ ತಲೆ ಎಲ್ಲಿ ಬಿಟ್ಟು ಬಂದೆ, ಅದನ್ನ ಹೇಳು.”

ಎಗೋನ್ ಒಮ್ಮೆ ದೀಪದ ಕಡೆ ನೋಡಿದ. ಆಮೇಲೆ ಹೆಲ್ಮೆಟ್ಟನ್ನು ಒಳಗಿಟ್ಟು ಬೀಗ ಹಾಕಿಕೊಂಡ.