ಶಾಮಿಯಾನದ ಬೇಗಂ ಹೊಲಿದ ಹಾಯಿ

ಮುಳಬಾಗಿಲಿನಲ್ಲಿ ಯಾರ ಮನೆಯ ಮದುವೆಯಾದರೂ ಖುರ್ಷೀದ್ ಬೇಗಂ ಕಣ್ಣು ಮೊದಲು ಹೋಗುವುದು ಆಕಾಶಕ್ಕೆ. ಮದುಮಗಳ ಒಡವೆ, ಊಟದ ಎಲೆ ಎಲ್ಲ ಆಮೇಲೆ. ಗಾಳಿ ಏಳುತ್ತದೆಯೋ ಏನೋ ಎನ್ನುವುದೊಂದೇ ಚಿಂತೆ. ಯಾಕೆಂದರೆ ಜನರ ತಲೆಯ ಮೇಲಿನ ಶಾಮಿಯಾನ ಅವರು ಹೊಲಿದದ್ದು.

ನನ್ನ ಫ್ಲೆಕ್ಸ್ ಬ್ಯಾನರ್ ಅಂಗಡಿಯ ಪಕ್ಕದ್ದೇ ಅವರ ಹೊಲಿಗೆ ಅಂಗಡಿ. ಮಾಲೂರಿನಿಂದ ಸೊಸೆಯಾಗಿ ಬಂದವರು, ಗಂಡನ ಪಕ್ಕ ಕೂತು ಮಿಷನ್ ಕಲಿತರು. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ತಾವೇ ಹಿಡಿದರು. ಈಗ ಅರವತ್ತೆರಡು. ಹೊಸದರಲ್ಲಿ ಪಕ್ಕದ ಆವನಿ ಊರಿನ ಒಂದು ಮದುವೆಯಲ್ಲಿ ಅವರ ಶಾಮಿಯಾನ ಹಾರಿಹೋಗಿ ಸಾರಿನ ಕೊಳಗದ ಮೇಲೆ ಬಿತ್ತಂತೆ. ಅಂದಿನಿಂದ ಅವರು ಹೊಲಿಯುವ ಪ್ರತಿ ಬಟ್ಟೆಯಲ್ಲೂ ಅಲ್ಲಲ್ಲಿ ಅರ್ಧಚಂದ್ರದ ಸೀಳು ಬಿಟ್ಟು, ಅಂಚು ಮಡಿಸಿ ಹೊಲಿಯುತ್ತಾರೆ. ಸುಮ್ಮನಿದ್ದಾಗ ಅದು ಕಣ್ಣಿಗೇ ಬೀಳುವುದಿಲ್ಲ. ಗಾಳಿ ಬಂದರೆ ತೆರೆದುಕೊಂಡು ದಾರಿ ಬಿಡುತ್ತದೆ. ನನ್ನ ಬ್ಯಾನರುಗಳಿಗೆ ಸೀಳು ಹಾಕುವುದನ್ನು ಕಲಿಸಿದ್ದೂ ಅವರೇ. ಬೈದು ಬೈದು ಕಲಿಸಿದರು.

ಹೋದ ಆಷಾಢದಲ್ಲಿ ಅಮರನಾಥ್ ಅಂಗಡಿಗೆ ಬಂದರು. ವಿಶಾಖಪಟ್ಟಣದ ಬಂದರಿನಲ್ಲಿ ಮೂವತ್ತು ವರ್ಷ ದುಡಿದು ಶ್ರೀನಿವಾಸಪುರದ ತಮ್ಮ ಮಾವಿನ ತೋಟಕ್ಕೆ ಮರಳಿದವರು. ಬೇರೆಯವರು ಬರುವಾಗ ಸೋಫಾ ತರುತ್ತಾರೆ. ಇವರು ಲಾರಿಯಲ್ಲಿ ಹಾಯಿದೋಣಿ ತಂದಿದ್ದರು. ಹೋಳೂರಿನ ಹತ್ತಿರದ ಕೆರೆ ತುಂಬಿದೆ, ದೋಣಿ ಬಿಡೋಣ ಎಂದು ಗಂಟು ಬಿಚ್ಚಿದರೆ, ಮಾವಿನ ಶೆಡ್ಡಿನ ಇಲಿಗಳು ಎರಡು ಹಾಯಿಗಳಲ್ಲಿ ದೋಣಿಯ ಮುಂಭಾಗದ್ದನ್ನು ಜರಡಿ ಮಾಡಿಟ್ಟಿದ್ದವು.

"ಹೊಸದನ್ನ ಚೆನ್ನೈನಿಂದ ತರಿಸ್ಬೇಕು. ಅಲ್ಲೀವರೆಗೂ ತೇಪೆ ಹಾಕಿಕೊಡ್ತೀರಾ ಅಮ್ಮಾ?"

ಬೇಗಂ ಹಾಯಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಅರೆ, ತೇಪೆ ಹಾಕೋಕೆ ಇದ್ರಲ್ಲಿ ಬಟ್ಟೇನೇ ಇಲ್ವಲ್ಲ ಸಾರ್! ಹೊಸದೇ ಹೊಲೀತೀನಿ ಬಿಡಿ. ಕೂಲಿ ಬೇಡ. ನನ್ ಹಾಯಿ ದೋಣೀನ ಎಳೀತು ಅಂದ್ರೆ ಮೊದಲ್ನೇ ಸವಾರಿ ನಂದು. ಎಳೀಲಿಲ್ವಾ, ಚೆನ್ನೈನಿಂದಾನೇ ತರಿಸ್ಕೊಳ್ಳಿ, ನಾನು ದೋಣಿ ಹತ್ತೋದೂ ಇಲ್ಲ."

ಸೊಸೆ ನಿಖತ್ ಮಿಷನ್ ನಿಲ್ಲಿಸಿದಳು. "ಅಮ್ಮೀ, ಜನ್ಮದಲ್ಲಿ ದೋಣಿ ಹತ್ತಿದೋರಲ್ಲ ನೀವು!"

"ಅದಕ್ಕೇ ಕಣೇ. ಇಷ್ಟು ವರ್ಷ ಬೇರೇವ್ರ ಖುಷಿಗೆ ಬಟ್ಟೆ ಕಟ್ಟಿದ್ದಾಯ್ತು. ಒಂದ್ಸಲ ನನ್ ಬಟ್ಟೆ ಕೆಳಗೆ ನಾನು ಕೂತ್ಕೋಬೇಕು."

ಆಷಾಢದಲ್ಲಿ ಹೆಚ್ಚು ಮದುವೆಗಳಿಲ್ಲ, ಕೈ ಖಾಲಿ. ಆದರೂ ಎಂಥ ಹಾಯಿ ಎನ್ನುವುದು ಇತ್ಯರ್ಥವಾಗಲು ನಾಲ್ಕು ದಿನ ಹಿಡಿಯಿತು. ಅಮರನಾಥ್‌ಗೆ ದೊಡ್ಡದೇ ಬೇಕು, ಹಾಯಿ ಕಟ್ಟುವ ಕಂಬವನ್ನು ದಾಟಿ ಹಿಂದಕ್ಕೆ ಬರುವಷ್ಟು. ಮೊಬೈಲಿನಲ್ಲಿ ಚಿತ್ರ ತೋರಿಸಿದರು.

"ಚೆನ್ನಾಗೈತೆ. ಇದು ಎಲ್ಲಿಯ ಗಾಳಿ?"

"ಸಮುದ್ರದ್ದು."

"ನಮ್ ಆಷಾಢದ ಗಾಳಿಗೆ ಆ ಮರ್ಯಾದೆ ಇಲ್ಲ ಸಾರ್. ಇದ್ದಕ್ಕಿದ್ದಂಗೆ ಬಂದು ಗುದ್ದುತ್ತೆ. ಚಿಕ್ಕದು ಮಾಡಿ, ಕಂಬಕ್ಕಿಂತ ಮುಂದೇನೇ ನಿಲ್ಲಲಿ."

ಬಂದರಿನ ಮನುಷ್ಯ ಸೋತರು. ಆಮೇಲೆ ಬಟ್ಟೆಯ ಸರದಿ. ಟಾರ್ಪಾಲು ಭಾರವಾಯಿತು, ಕೊಡೆಯ ಬಟ್ಟೆ ತೆಳುವಾಯಿತು. ಬೇಗಂ ಒಂದೊಂದನ್ನೂ ಓರೆಯಾಗಿ ಎಳೆದು, ಬಾಯಿಗಿಟ್ಟು ಊದಿ ನೋಡಿದರು. ಎಳೆದರೂ ಜಗ್ಗದ, ಊದಿದರೂ ಉಸಿರು ದಾಟದ ಒಂದು ದಟ್ಟ ನೇಯ್ಗೆಯ ಬಟ್ಟೆ ಸಿಕ್ಕಿತು. ಆದರೆ ಅದಿದ್ದದ್ದು ಕಣ್ಣು ಕುಕ್ಕುವ ಗುಲಾಬಿ ಬಣ್ಣದ ರಾಣಿ ಕಲರಿನಲ್ಲಿ ಮಾತ್ರ. ಅಮರನಾಥ್ ಮುಖ ಹುಳ್ಳಗೆ ಮಾಡಿಕೊಂಡು ಒಪ್ಪಿದರು.

ಹಾಯಿ ಸಿದ್ಧವಾದ ಮೇಲೆ ಎಲ್ಲರೂ ಕೆರೆಗೆ ಹೋದೆವು. ಮೊದಲು ಅಮರನಾಥ್ ಒಬ್ಬರೇ ದೋಣಿ ಹತ್ತಿದರು. ಪರೀಕ್ಷೆಗೆಂದು ಹಿಂದಿನ ಹಾಯಿಯನ್ನು ಸುತ್ತಿಟ್ಟು ಮುಂದಿನದನ್ನಷ್ಟೇ ಏರಿಸಿದರು. ಗಾಳಿ ಬಂತು. ಹಾಯಿಯ ಮೈಮೇಲೆ ಎಂಟು ಅರ್ಧಚಂದ್ರಗಳು ಒಟ್ಟಿಗೇ ಬಾಯಿ ತೆರೆದವು! ಗಾಳಿ ಈ ಕಡೆಯಿಂದ ಬಂದು ಆ ಕಡೆಯಿಂದ ಆರಾಮಾಗಿ ಹೊರಟುಹೋಯಿತು. ಈಜುತ್ತಿದ್ದ ಎಮ್ಮೆಯೊಂದು ದೋಣಿಯನ್ನು ಹಿಂದೆ ಹಾಕಿತು. ನನಗೆ ನಗು ತಡೆಯಲಾಗಲಿಲ್ಲ.

ಬೇಗಂ ಮಾತ್ರ ನಗಲಿಲ್ಲ. ಅವರ ಮುಖ ನೋಡಿ ನನ್ನ ನಗುವೂ ನಿಂತಿತು. "ಯಾ ಅಲ್ಲಾ, ನಾನೇ ಬಿಟ್ಟಿದ್ದು. ಹೊಲಿಯುವಾಗ ಗೊತ್ತೇ ಆಗ್ಲಿಲ್ಲ, ಕೈ ತಾನಾಗೇ ಮಾಡ್ಬಿಟ್ಟೈತೆ."

ದಡಕ್ಕೆ ಬಂದ ಅಮರನಾಥ್ ತಲೆ ಕೆರೆದುಕೊಂಡರು. "ನಾನೂ ನೋಡ್ದೇ ಕಟ್ಟಿದೆ. ಏನ್ಮಾಡೋಣಮ್ಮಾ, ಚೆನ್ನೈಗೆ ಫೋನ್ ಮಾಡ್ಲಾ?"

"ಹೊತ್ತು ಮುಳುಗೋವರ್ಗೂ ತಡೀರಿ."

ಬೇಗಂ ಕೆರೆ ಏರಿಯ ಹೊಂಗೆ ಮರದ ಕೆಳಗೆ ಕೂತರು. ಚೀಲದಲ್ಲಿದ್ದದ್ದು ಶಾಮಿಯಾನದ ಅಂಚಿಗೆ ತಂದ ಹಸಿರು ಬಟ್ಟೆ. ನಿಖತ್ ಸೂಜಿಗೆ ದಾರ ಪೋಣಿಸಿದಳು, ನಾನು ಹಾಯಿಯನ್ನು ಬಿಗಿಯಾಗಿ ಹಿಡಿದೆ. "ನಗ್ತೀಯೇನೋ ವೆಂಕಟ್? ಹಿಡ್ಕೋ ಸರಿಯಾಗಿ!" ಎಂದು ಬೈಸಿಕೊಂಡಾಗ ನನಗೆ ಜೀವ ಬಂದಂತಾಯಿತು. ಒಂದೊಂದೇ ಸೀಳಿನ ಮೇಲೆ ಹಸಿರು ತೇಪೆ ಕೂತಿತು. ಎಂಟನೆಯದು ಮುಗಿಯುವಾಗ ನಾಲ್ಕೂವರೆ.

ಈ ಸಲ ಹಾಯಿ ಪೂರಿಯ ಹಾಗೆ ಉಬ್ಬಿತು. ಅಮರನಾಥ್ ಎಮ್ಮೆಗಳನ್ನೆಲ್ಲ ಹಿಂದೆ ಹಾಕಿ ಒಂದು ಸುತ್ತು ಹೊಡೆದು ಬಂದು ಕೈ ಚಾಚಿದರು. "ಬನ್ನಿ ಅಮ್ಮಾ, ನಿಮ್ಮ ಸವಾರಿ."

ಸೀರೆಯ ಮೇಲೆ ಲೈಫ್ ಜಾಕೆಟ್ ತೊಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು, ಬಿಸ್ಮಿಲ್ಲಾ ಎಂದು ಹತ್ತಿದರು. ದೋಣಿ ಹೊರಟಿತು. ನಿಖತ್ ಚಪ್ಪಾಳೆ ತಟ್ಟಿದಳು. ನನಗಂತೂ ಹೆಮ್ಮೆಯಿಂದ ಎದೆ ತುಂಬಿತು, ನಾನೇ ಹೊಲಿದ ಹಾಗೆ.

ಕೆರೆಯ ನಡುಮಧ್ಯೆ ಗಾಳಿ ಬಿದ್ದುಹೋಯಿತು. ಹಾಯಿ ಜೋತುಬಿದ್ದು ದೋಣಿ ನಿಂತಿತು. ನೀರಿನ ಮೇಲಿಂದ ಬೇಗಂ ಕೂಗು ನಮಗೆ ಸ್ಪಷ್ಟವಾಗಿ ಕೇಳಿಸಿತು. ನಲವತ್ತು ವರ್ಷ ಗಾಳಿಯನ್ನು ಬೈದುಕೊಂಡೇ ಬದುಕಿದ ಹೆಂಗಸು ಆಕಾಶ ನೋಡಿ ಕರೆಯುತ್ತಿದ್ದರು:

"ಬಾರೋ! ಎಲ್ಲೋದ್ಯೋ? ಕರೀದಿದ್ರೂ ಮದುವೆಮದುವೆಗೂ ಬರ್ತಿದ್ದೆ. ಇವತ್ತು ನಾನೇ ಕರೀತಿದೀನಿ, ಬಾರೋ!"

ಸ್ವಲ್ಪ ಹೊತ್ತಿಗೆ ಏರಿಯ ಮೇಲಿನ ಹೊಂಗೆ ಎಲೆಗಳು ಅಲ್ಲಾಡಿದವು.